ಖಾಲಿಯಲ್ಲದ ಡಬ್ಬಿ

ಒಂದು ಮನೆಯ ಮಗುವಿನ ಮೈಯಲ್ಲಿರುವ ರೋಗ ತಡೆಯುವ ಶಕ್ತಿಯನ್ನು ಮೊಸರಿನ ಹೆಪ್ಪಿನ ಹಾಗೆ ಇನ್ನೊಂದು ಮನೆಗೆ ಕೊಡುವ ಕಾಲ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ, ಬೆಟಗೇರಿಯ ಸುಮಂಗಲಾ ನಕ್ಕು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಖಾನಾವಳಿ ನಡೆಸುವವಳಿಗೆ ಹೊಟ್ಟೆ ತುಂಬಿದವರ ಹರಟೆ ಕೇಳಿ ಅಭ್ಯಾಸ. ಆದರೆ ಆ ಕಾಲ ಬಂದೇ ಬಂದಿತು. ಬಂದದ್ದೂ ಅವಳ ಮನೆ ಬಾಗಿಲಿಗೇ.

ಮಗಳು ನೀಲವ್ವನಿಗೆ ಆಗ ಏಳು ವರ್ಷ. ಅಜ್ಜಿ ಮುತ್ತಜ್ಜಿಯರ ಹೆಸರುಗಳು ಮತ್ತೆ ಚಾಲ್ತಿಗೆ ಬಂದಿದ್ದ ದಿನಗಳವು. ಅವಳ ತರಗತಿಯೊಂದರಲ್ಲೇ ಮೂವರು ನೀಲವ್ವಗಳಿದ್ದರು. ಇವಳನ್ನು ಗುರುತಿಸುವುದು ಮಾತ್ರ ಸುಲಭ. ಕೈಗೆ ಸಾಕ್ಸ್ ಹಾಕಿಕೊಂಡು ಬರುವ ನೀಲವ್ವ ಎಂದರೆ ಸಾಕಿತ್ತು.

ತೊಟ್ಟಿಲಲ್ಲಿದ್ದಾಗಿನಿಂದಲೂ ಆ ಮಗುವಿಗೆ ಇಸಬು. ಮೊಣಕೈಯ ಮಡಿಕೆ, ಮೊಣಕಾಲಿನ ಹಿಂದೆ, ಕುತ್ತಿಗೆಯ ಸುತ್ತ ಚರ್ಮ ಒರಟಾಗಿ ಬಿರಿದು, ಕೆರೆದಲ್ಲೆಲ್ಲ ನೀರು ಜಿನುಗುತ್ತಿತ್ತು. ಕೆರೆಯದಿರಲೆಂದೇ ಕೈಗೆ ಸಾಕ್ಸು. ಬೆಳಿಗ್ಗೆ ಹಾಸಿಗೆ ಬಟ್ಟೆ ಮೈಗೆ ಅಂಟಿರುತ್ತಿತ್ತು. ಬೆಚ್ಚನೆಯ ನೀರು ಹಚ್ಚಿ ಹಚ್ಚಿ ಬಿಡಿಸಬೇಕು. ಊರಲ್ಲಿ ಸಲಹೆಗೇನೂ ಬರವಿರಲಿಲ್ಲ. ಬೇವು, ಹೊಂಗೆ ಎಣ್ಣೆ, ಬದನೆಕಾಯಿ ಬಿಡುವುದು, ಶೇಂಗಾ ಬಿಡುವುದು, ಯಾರದೋ ತಾಯಿತ, ಎಲ್ಲ ಆಗಿಹೋಗಿತ್ತು. ಮುಲಾಮು ಹಚ್ಚಿದಷ್ಟು ದಿನ ಆರಾಮ, ಬಿಟ್ಟ ಮರುದಿನ ಮತ್ತೆ ಅದೇ ಗೋಳು.

ಹಾಗಿರುವಾಗ ಒಂದು ಮದುವೆ ಮನೆಯಲ್ಲಿ ದೂರದ ಸಂಬಂಧಿಯೊಬ್ಬಳು ನೀಲವ್ವನ ಗಲ್ಲಕ್ಕೆ ಮುದ್ದು ಕೊಟ್ಟಳು. ಅವಳ ತುಟಿಯ ಮೇಲೆ ಜ್ವರದ ಗುಳ್ಳೆಯಿತ್ತು. ಬೇರೆ ಮಕ್ಕಳಿಗಾಗಿದ್ದರೆ ಹೆಚ್ಚೆಂದರೆ ತುಟಿಗೊಂದು ಗುಳ್ಳೆ ಎದ್ದು ಹೋಗುತ್ತಿತ್ತು. ನೀಲವ್ವನ ಬಿರಿದ ಚರ್ಮದಲ್ಲಿ ಆ ವೈರಸ್ಸು ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗಿದಂತೆ ನುಗ್ಗಿತು. ಮುಖ, ಕುತ್ತಿಗೆ, ಎದೆಯೆಲ್ಲ ಗುಳ್ಳೆ. ಜ್ವರದಲ್ಲಿ ಮಗು ತಾಯಿಯ ಗುರುತೂ ಹಿಡಿಯಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೇಗೋ ಬದುಕಿಕೊಂಡಿತು. ಮನೆಗೆ ಕಳಿಸುವಾಗ ಅಲ್ಲಿಯವರು, ಇದು ಮತ್ತೆ ಬರಬಹುದು, ಮುಂದಿನ ಸಲ ಕಣ್ಣಿಗೋ ಮಿದುಳಿಗೋ ಏರಬಹುದು ಎಂದು ಮೆಲ್ಲಗೆ ಹೇಳಿ, ಅದೇ ಊರಿನ ಚರ್ಮರಕ್ಷಾ ಪ್ರಯೋಗಾಲಯಕ್ಕೆ ಒಂದು ಚೀಟಿ ಬರೆದುಕೊಟ್ಟರು.

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಮೆಹರುನ್ನೀಸಾ ನದಾಫ. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದ ಹೆಂಗಸು. ನೀಲವ್ವನ ಒಂದು ಹನಿ ರಕ್ತವನ್ನು ಯಂತ್ರಕ್ಕಿಟ್ಟು, ಗೋಡೆಯಗಲದ ಪರದೆಯ ಮೇಲೆ ತೋರಿಸಿದರು. ಒಂದು ಕಡೆ ಕೆಂಪು ಬಣ್ಣ ಕೊಟ್ಟ ಕೋಶಗಳು ಕಿಕ್ಕಿರಿದು ಗಿಜಿಗುಡುತ್ತಿದ್ದವು. ಇನ್ನೊಂದು ಕಡೆ ಹಸಿರು ಬಣ್ಣದವು ಅಲ್ಲೊಂದು ಇಲ್ಲೊಂದು ಮಂಕಾಗಿ ತೇಲುತ್ತಿದ್ದವು.

"ನೋಡ್ರಿ, ಈ ಕೆಂಪನ್ನವು ಗದ್ದಲ ಮಾಡೂವು," ಎಂದರು ಡಾಕ್ಟರು. "ಧೂಳು ಬಂದ್ರೂ ಕಳ್ಳ ಬಂದಾ ಅಂತಾವ, ಬೆವರು ಬಂದ್ರೂ ಕಳ್ಳ ಬಂದಾ ಅಂತಾವ. ಅದಕ್ಕ ಕೂಸಿನ ಮೈ ಕೆಂಪಾಗಿ ಕಡೀತೈತಿ. ಖರೇ ಕಳ್ಳನ್ನ ಹಿಡಿಯೋ ಕಾವಲುಗಾರ್ರು ಈ ಹಸಿರನ್ನವು. ಇವು ಭಾಳ ಕಡಿಮಿ ಅದಾವ. ಇದ್ದವೂ ತೂಕಡಸ್ಲಿಕತ್ತಾವ."

ಪುಸ್ತಕದಲ್ಲಿ ಅವಕ್ಕೆ ಸಹಜ ಹಂತಕ ಕೋಶಗಳೆಂದು ಹೆಸರು. ಡಾಕ್ಟರರ ಕೋಣೆಯಲ್ಲಿ ಎಲ್ಲರೂ ಕಾವಲು ಕೋಶ ಎನ್ನುತ್ತಿದ್ದರು. ಔಷಧಿ ಕೊಟ್ಟು ಅವನ್ನು ಎಬ್ಬಿಸಬಹುದು, ಆದರೆ ಔಷಧಿ ಇಳಿದ ಮೇಲೆ ಮತ್ತೆ ನಿದ್ದೆ. ಗಟ್ಟಿಮುಟ್ಟಾದ ಮಕ್ಕಳ ಕಾವಲು ಕೋಶಗಳ ಜೊತೆ ಬೆಳೆಸಿ ನೋಡಿದ್ದೂ ಆಗಿತ್ತು. ಶಾಂತವಾದ ಮೈಯಲ್ಲಿ ಬೆಳೆದ ಅವು ಇಸಬಿನ ಗದ್ದಲದಲ್ಲಿ ಕಂಗಾಲಾಗಿ ತಾವೇ ಮಲಗಿಬಿಡುತ್ತಿದ್ದವು. ಕೊನೆಗೆ ಫಲ ಕೊಟ್ಟದ್ದು ಒಂದೇ ದಾರಿ. ಇದೇ ಕಾಯಿಲೆಯಿಂದ ನರಳಿ ಗುಣವಾದ ಮಗುವಿನ ಕೋಶಗಳನ್ನು ರೋಗಿಯ ಕೋಶಗಳ ಜೊತೆ ಮೈಬಿಸಿಯ ಕಾವಿನಲ್ಲಿ ಇಟ್ಟರೆ, ರೋಗಿಯವು ಅವನ್ನು ಮುಟ್ಟಿ ಮುಟ್ಟಿ ಎಚ್ಚರ ಕಲಿಯುತ್ತವೆ. ಕಲಿಸಿದವು ಕೆಲವು ದಿನಕ್ಕೆ ಸಾಯುತ್ತವೆ, ಕಲಿತವು ಉಳಿಯುತ್ತವೆ. ಮಗು ದೊಡ್ಡದಾಗುವವರೆಗೆ ಆಗಾಗ ಆ ಕಲಿತ ಕೋಶಗಳಲ್ಲಿ ಒಂದಿಷ್ಟನ್ನು ಮಗುವಿನ ರಕ್ತಕ್ಕೆ ಏರಿಸುತ್ತಿರಬೇಕು. ಶೈತ್ಯದಲ್ಲಿಟ್ಟರೆ ಕಲಿತದ್ದನ್ನು ಮರೆಯುತ್ತವೆ. ಆದ್ದರಿಂದ ಪ್ರಯೋಗಾಲಯದ ಉಗ್ರಾಣದಲ್ಲಿ ಕೂಡಿಡುವ ಹಾಗಿಲ್ಲ. ಮನೆಮನೆಯಲ್ಲೂ ಒಂದು ಕಾವಿನ ಪೆಟ್ಟಿಗೆ, ಮನೆಯಿಂದ ಮನೆಗೆ ಸಾಗಿಸಲು ಒಂದು ಸಣ್ಣ ಡಬ್ಬಿ.

ದಾಖಲೆಗಳಲ್ಲಿ ಇದಕ್ಕೊಂದು ಮಾರುದ್ದದ ಹೆಸರಿತ್ತು. ಮಕ್ಕಳ ತಾಯಂದಿರು ಮಾತ್ರ ಮೊದಲ ದಿನದಿಂದಲೂ ಹೆಪ್ಪು ಎಂದೇ ಕರೆದರು. ದಿನಾ ಸಂಜೆ ದೊಡ್ಡ ಪಾತ್ರೆಯಲ್ಲಿ ಹಾಲಿಗೆ ಹೆಪ್ಪು ಹಾಕುವ ಸುಮಂಗಲೆಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ, ಕೊಡುವವರು ಯಾರು ಎಂದು. ಹೆಸರು ಹೇಳುವ ನಿಯಮವಿಲ್ಲ, ಹೊಂದುವ ಹೆಪ್ಪು ಸದ್ಯಕ್ಕೆ ಒಂದೇ ಮನೆಯಲ್ಲಿದೆ, ಕೊಪ್ಪಳದ ಕಡೆಯವರು ಎಂದಷ್ಟೇ ಉತ್ತರ ಬಂತು.

ಹೆಪ್ಪು ಬಂದದ್ದು ಒಂದು ಮುಸ್ಸಂಜೆ. ಪ್ರಯೋಗಾಲಯದ ಸಾಗಣೆಯವನಾದ ಫಕೀರಪ್ಪ ಎಂಬ ಮಧ್ಯವಯಸ್ಸಿನ ಮನುಷ್ಯ ಬೈಕಿನಿಂದ ಇಳಿದು, ಎದೆಗೆ ಕಟ್ಟಿಕೊಂಡಿದ್ದ ಡಬ್ಬಿಯನ್ನು ಬಿಚ್ಚಿದ. ಬೆಚ್ಚಗಿದ್ದ ಆ ಡಬ್ಬಿ ಒಂದು ತಂಬಿಗೆಯಷ್ಟು ದಪ್ಪವಿತ್ತು. ನೀಲವ್ವನ ರಕ್ತದ ಕೋಶಗಳನ್ನು ಇಟ್ಟಿದ್ದ ಕಾವಿನ ಪೆಟ್ಟಿಗೆಗೆ ಅದರ ಮೂತಿ ಸೇರಿಸಿ ಗುಂಡಿ ಒತ್ತಿದ. ಒಳಗಿದ್ದದ್ದು ಸದ್ದಿಲ್ಲದೆ ಇಳಿಯಿತು. ಇನ್ನು ಡಬ್ಬಿಯ ಮುಚ್ಚಳ ತೆಗೆಯಬಾರದು, ಹಾಗೇ ಕೊಟ್ಟ ಮನೆಗೆ ಮುಟ್ಟಿಸುತ್ತೇನೆ ಎಂದು ಹೇಳಿ, ಚಹಾ ಕುಡಿಯಲು ಕುಳಿತ.

ಅತ್ತೆ ಗಂಗವ್ವ ದೇವರ ಮುಂದೆ ಆಗಷ್ಟೇ ದೀಪ ಹಚ್ಚಿ ಎದ್ದಿದ್ದಳು. ಮಾತಿನಲ್ಲಿ ಯಾರಿಗೂ ಸೋಲದ ಮುದುಕಿ ಅವಳು. ಹತ್ತಿರ ಬಂದು ಆ ಡಬ್ಬಿಯನ್ನು ಬಗ್ಗಿ ನೋಡಿದಳು.

"ದೀಪಾ ಹಚ್ಚಿದ ಮ್ಯಾಲೆ ಯಾರೂ ಹೆಪ್ಪು ಕೊಡಂಗಿಲ್ಲವಾ," ಎಂದಳು ಸೊಸೆಗೆ. "ಮನೀ ಲಕ್ಷ್ಮಿ ಹೊಂಟು ಹೋಗತಾಳ ಅಂತಾರ. ಅಂಥಾದ್ರಾಗ ನಮ್ಮ ಕೂಸಿಗೆ ಅಂತ ಕೊಟ್ಟು ಕಳಿಸ್ಯಾರ. ಆ ಹಡದಾಕಿ ಹೊಟ್ಟಿ ತಣ್ಣಗಿರಲಿ."

ಆ ಮಾತು ಸುಮಂಗಲೆಯ ಎದೆಗೆ ನಾಟಿತು. ಏಳು ವರ್ಷ ಮಗಳ ಮೈ ತೊಳೆದ ಕೈ ಅವಳದು. ಹೆಸರೂ ಗೊತ್ತಿಲ್ಲದ ಯಾರೋ ತಮ್ಮ ಮಗುವಿನ ಮೈಯೊಳಗಿನದನ್ನು ತೆಗೆದು ಕೊಟ್ಟಿದ್ದಾರೆ. ಅಡುಗೆಮನೆಯ ಕಟ್ಟೆಯ ಮೇಲೆ ಡಬ್ಬಿ ಖಾಲಿ ಕೂತಿತ್ತು. ತುಂಬಿ ಬಂದ ಪಾತ್ರೆಯನ್ನು ಖಾಲಿ ಕಳಿಸಿದ್ದು ಆ ಮನೆಯಲ್ಲಿ ಎಂದೂ ಇಲ್ಲ. ಪಕ್ಕದ ಮನೆಯವರು ಒಂದು ಬಟ್ಟಲು ಪಲ್ಯ ಕೊಟ್ಟರೆ, ತೊಳೆದ ಬಟ್ಟಲಿನಲ್ಲಿ ಕಡೆಗೆ ಒಂದು ಚಿಟಿಕೆ ಸಕ್ಕರೆಯಾದರೂ ಹೋಗಬೇಕು. ತೆಗೆಯಬಾರದು ಎಂದದ್ದು ಅವಳಿಗೆ ನೆನಪಿತ್ತು. ತುಂಬಿದ ಡಬ್ಬಿಗೆ ಆ ಮಾತು ಸರಿ, ಖಾಲಿಯಾದದ್ದಕ್ಕೆ ಏನು ಆಗುತ್ತದೆ ಎಂದುಕೊಂಡಳು. ಫಕೀರಪ್ಪ ಚಹಾ ಮುಗಿಸುವಷ್ಟರಲ್ಲಿ ಮುಚ್ಚಳ ತಿರುಗಿಸಿ, ಒಂದು ಚಿಟಿಕೆ ಸಕ್ಕರೆ ಉದುರಿಸಿ, ಮತ್ತೆ ಬಿಗಿ ಮಾಡಿ ಅವನ ಕೈಗಿಟ್ಟಳು. ಕೈ ಮುಗಿದಳು ಕೂಡ.

ಮುಂದಿನ ದಿನಗಳನ್ನು ಆ ಮನೆಯವರು ಸಾಯುವವರೆಗೂ ಮರೆಯಲಾರರು. ಹೆಪ್ಪು ಕೂಡಿಕೊಂಡಿತು. ಗದಗಿನ ದವಾಖಾನೆಯಲ್ಲಿ ಅದರ ಮೊದಲ ಪಾಲನ್ನು ನೀಲವ್ವನಿಗೆ ಏರಿಸಿದರು. ಕೆಲವು ದಿನಕ್ಕೆ ಜಿನುಗು ನಿಂತಿತು, ಆಮೇಲೆ ಕೆಂಪು ಇಳಿಯಿತು. ಒಂದು ಬೆಳಿಗ್ಗೆ ಸುಮಂಗಲಾ ಬೆಚ್ಚನೆಯ ನೀರಿನ ಬಟ್ಟಲು ಹಿಡಿದು ಹೋದರೆ, ಮಗಳು ತಾನೇ ಹಾಸಿಗೆಯಿಂದ ಎದ್ದು ಕೂತಿದ್ದಳು. ಬಟ್ಟೆ ಎಲ್ಲೂ ಅಂಟಿರಲಿಲ್ಲ. ಸಾಕ್ಸು ಕೈಬಿಟ್ಟು ಕಾಲಿಗೆ ಹೋಯಿತು. ನೀಲವ್ವ ಮೊದಲ ಸಲ ಬರಿಗೈಯಲ್ಲಿ ಜೋಳದ ಹಿಟ್ಟು ನಾದಿದಳು. ಅವಳು ತಟ್ಟಿದ ರೊಟ್ಟಿ ಯಾವ ದೇಶದ ನಕ್ಷೆ ಎಂದು ಅಪ್ಪ ಈರಣ್ಣ ಕೇಳಿದ, ಕೇಳಿ ಅದನ್ನೇ ಉಂಡ. ಗಂಗವ್ವ ದಿನಾ ದೀಪ ಹಚ್ಚುವಾಗ ಕೊಪ್ಪಳದ ಆ ಕಾಣದ ತಾಯಿಗೂ ಒಂದು ಮಾತು ಬೇಡಿಕೊಳ್ಳುತ್ತಿದ್ದಳು.

ಅದೇ ದಿನಗಳಲ್ಲಿ ಆ ಕಾಣದ ತಾಯಿ ತನ್ನ ಮಗುವಿನ ತಲೆಯ ಹತ್ತಿರ ಕೂತು ಅಳುತ್ತಿದ್ದಳು ಎಂಬುದು ಇವರಿಗೆ ಗೊತ್ತಿರಲಿಲ್ಲ.

ಡಾಕ್ಟರ್ ನದಾಫ ಸುಮಂಗಲೆಯನ್ನು ಹುಬ್ಬಳ್ಳಿಗೆ ಕರೆಸಿದರು. ಮಗಳ ಸುಧಾರಣೆ ಕೇಳಲು ಇರಬಹುದೆಂದು ಅವಳು ಖುಷಿಯಿಂದಲೇ ಹೋದಳು, ಕೈಯಲ್ಲಿ ಒಂದು ಡಬ್ಬ ಶೇಂಗಾ ಚಟ್ನಿ ಪುಡಿಯನ್ನೂ ಹಿಡಿದು. ಪರದೆಯ ಮೇಲೆ ಈ ಸಲ ಹಸಿರೂ ಇರಲಿಲ್ಲ, ಕೆಂಪೂ ಇರಲಿಲ್ಲ. ಮಳೆಗಾಲದ ರೊಟ್ಟಿಗೆ ಹತ್ತಿದ ಬೂಷ್ಟಿನಂಥದೇನೋ ಬೂದುಬಣ್ಣದಲ್ಲಿ ತುಂಬಿಕೊಂಡಿತ್ತು. ಡಾಕ್ಟರು ದನಿ ಏರಿಸಲಿಲ್ಲ. ಡಬ್ಬಿಯ ಮುಚ್ಚಳ ತೆಗೆದಿದ್ದಿರಾ ಎಂದು ಕೇಳಿದರು.

"ತಗದಿದ್ದೆರಿ," ಎಂದಳು ಸುಮಂಗಲಾ. "ಖಾಲಿ ಹೆಂಗ ಕಳಸೂದಂತ ಒಂದು ಚಿಟಿಗಿ ಸಕ್ಕರಿ ಹಾಕಿದೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದು ಖಾಲಿ ಇರಲಿಲ್ಲರಿ," ಎಂದರು.

ಆಮೇಲೆ ಬಿಡಿಸಿ ಹೇಳಿದರು. ಡಬ್ಬಿಯ ಒಳಗೋಡೆಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಜೀವಂತ ಪದರವಿರುತ್ತದೆ. ಅದು ಕೊಟ್ಟ ಮಗುವಿನ ಚರ್ಮದ ಕೋಶಗಳಿಂದಲೇ ಬೆಳೆಸಿದ್ದು. ಕಾವಲು ಕೋಶಗಳು ಅದನ್ನು ಹಿಡಿದುಕೊಂಡೇ ದಾರಿಯಲ್ಲಿ ಬದುಕುತ್ತವೆ. ಡಬ್ಬಿ ಮನೆಗೆ ಮರಳಿದ ಮೇಲೆ ಆ ಪದರವನ್ನು ಮತ್ತೆ ಅವರ ಕಾವಿನ ಪೆಟ್ಟಿಗೆಗೆ ಕೂಡಿಸುತ್ತಾರೆ. ಸಕ್ಕರೆಯ ಜೊತೆ ಅಡುಗೆಮನೆಯ ಗಾಳಿ, ಬೆರಳಿನ ಸೋಂಕು ಒಳಗೆ ಹೋಗಿತ್ತು. ತಿನ್ನಲು ಸಿಹಿ, ಬೆಳೆಯಲು ಬೆಚ್ಚನೆಯ ಜಾಗ. ಕೊಪ್ಪಳ ತಲುಪುವಷ್ಟರಲ್ಲಿ ಸಕ್ಕರೆ ಕರಗಿಹೋಗಿತ್ತು, ಯಾರ ಕಣ್ಣಿಗೂ ಬೀಳಲಿಲ್ಲ. ಅವರ ಪೆಟ್ಟಿಗೆಯ ಹೆಪ್ಪೆಲ್ಲ ಕೆಟ್ಟಿತು. ಮುಂದಿನ ಪಾಲು ಸಿಗದೆ ಆ ಮಗುವಿನ ಕಾವಲು ಮತ್ತೆ ಮಲಗಿತು. ಈಗ ನೀಲವ್ವನಿಗೆ ಬಂದಿದ್ದ ಅದೇ ಜ್ವರ, ಅದೇ ಗುಳ್ಳೆ. ಔಷಧಿ ಕೊಡುತ್ತಿದ್ದಾರೆ, ಆದರೆ ಔಷಧಿಯೊಂದೇ ಸಾಲದು.

ಉಂಡ ಮನೆಗೆ ಎರಡು ಬಗೆಯಬಾರದು ಎಂದು ಖಾನಾವಳಿಯ ಆಳುಗಳಿಗೆ ಸುಮಂಗಲೆಯೇ ಎಷ್ಟೋ ಸಲ ಹೇಳಿದ್ದಳು. ಚಟ್ನಿ ಪುಡಿಯ ಡಬ್ಬವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲೇ ಹಿಡಿದುಕೊಂಡು ಕೂತಳು.

"ತಪ್ಪು ನಿಮ್ಮದೊಂದ ಅಲ್ರಿ," ಎಂದರು ಡಾಕ್ಟರು. "ತೆರೀಬ್ಯಾಡ್ರಿ ಅಂತ ಹೇಳಿ ಕಳಿಸಿದ್ವಿ. ಯಾಕ ಅಂತ ಹೇಳಲಿಲ್ಲ. ನಮ್ಮವ್ವನೂ ಖಾಲಿ ಭಾಂಡೆ ಕಳಿಸಿದಾಕಿ ಅಲ್ಲ, ನನಗರ ಹೊಳೀಬೇಕಾಗಿತ್ತು."

ಹೊಂದುವ ಹೆಪ್ಪು ಇನ್ನೆಲ್ಲೂ ಇಲ್ಲವೇ ಎಂದು ಸುಮಂಗಲಾ ಕೇಳಿದಳು. ಡಾಕ್ಟರು ಕಿಟಕಿಯ ಕಡೆ ನೋಡಿದರು. ಇದೆ, ಒಂದೇ ಮನೆಯಲ್ಲಿದೆ, ಆದರೆ ಆ ಮನೆಯವರನ್ನು ಕೇಳಲು ನಿಯಮವಿಲ್ಲ ಎಂದರು. ಅಲ್ಲಿಯ ಹೆಪ್ಪು ಇನ್ನೂ ಎಳೆಯದು. ಈಗ ಅರ್ಧ ತೆಗೆದರೆ ಉಳಿದರ್ಧ ಕೂಡಿಕೊಂಡರೆ ಕೂಡಿಕೊಂಡಿತು, ಇಲ್ಲವಾದರೆ ಆ ಮಗು ಮೊದಲಿನ ಸ್ಥಿತಿಗೇ ಬರುತ್ತದೆ. ಅದು ಯಾರ ಮನೆ ಎಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಬಸ್ಸಿನಲ್ಲಿ ಗದಗಿಗೆ ಬರುವಷ್ಟೂ ದಾರಿ ಸುಮಂಗಲೆಯ ಕಣ್ಣ ಮುಂದೆ ಎರಡು ಹಾಸಿಗೆ. ಒಂದರ ಮೇಲೆ ಮಗಳು ಬರಿಗೈಯಲ್ಲಿ ಆಡುತ್ತಿದ್ದಳು. ಇನ್ನೊಂದರ ಮೇಲೆ ಮಲಗಿದ್ದ ಮಗುವಿನ ಮುಖ ಕಾಣುತ್ತಿರಲಿಲ್ಲ, ಆದರೆ ಆ ಗುಳ್ಳೆಗಳು ಹೇಗಿರುತ್ತವೆ, ಆ ಜ್ವರ ಹೇಗೆ ಸುಡುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಬಂದು ಎಲ್ಲವನ್ನೂ ಹೇಳಿದಳು. ಈರಣ್ಣ ಆಗುವುದಿಲ್ಲ ಎಂದ. ಅವರ ಮಗು ಅವರಿಗೆ ಹೆಚ್ಚು, ನಮ್ಮ ಮಗು ನಮಗೆ ಹೆಚ್ಚು, ದೇವರು ಈಗಷ್ಟೇ ಕಣ್ಣು ತೆರೆದಿದ್ದಾನೆ, ಕೆಡಿಸಬೇಡ ಎಂದ. ಅವನದು ಕಲ್ಲು ಮನಸ್ಸಲ್ಲ. ಆಸ್ಪತ್ರೆಯಲ್ಲಿ ಮಗಳು ಗುರುತು ಹಿಡಿಯದೆ ನೋಡಿದ್ದು ಅವನನ್ನೇ ಮೊದಲು. ಸುಮಂಗಲೆಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದವಳು ನೀಲವ್ವ.

"ಯವ್ವಾ, ಆ ಕೂಸಿಗೂ ಕೈಗೆ ಸಾಕ್ಸ್ ಹಾಕ್ತಾರೇನು?"

ಹೌದೆಂದಳು ಸುಮಂಗಲಾ. ಬಹುಶಃ ಈಗ ಹಾಕಿರುತ್ತಾರೆ ಎಂದಳು.

ನೀಲವ್ವ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡಳು. "ಸಾಕ್ಸ್ ಹಾಕ್ಕೊಂಡ್ರ ರೊಟ್ಟಿ ಬಡಿಯಾಕ ಬರಂಗಿಲ್ಲ," ಎಂದಳು. "ಕೊಡೂಣು. ಅವರೂ ನಮಗ ಕೊಟ್ಟಾರಲಾ."

ಈರಣ್ಣ ಎದ್ದು ಹಿತ್ತಲಿಗೆ ಹೋದ. ಒಳಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು. ಡಾಕ್ಟರಿಗೆ ಫೋನು ಹಚ್ಚಿ ಮೊಬೈಲನ್ನು ಹೆಂಡತಿಯ ಕೈಗಿಟ್ಟ.

ಮರುದಿನ ಡಾಕ್ಟರ್ ನದಾಫ ತಾವೇ ಬಂದರು. ಖಾನಾವಳಿಗೆ ಅಂದು ರಜೆ. ಹೊಸ ಡಬ್ಬಿಯ ಒಳಗೆ ಈ ಸಲ, ಮೊದಲೇ ತಪಾಸಣೆಗೆ ತೆಗೆದಿಟ್ಟಿದ್ದ ನೀಲವ್ವನ ಚರ್ಮದಿಂದಲೇ ಬೆಳೆಸಿದ್ದ ಪದರವಿತ್ತು. ಕಾವಿನ ಪೆಟ್ಟಿಗೆಯಿಂದ ಅರ್ಧ ಹೆಪ್ಪು ಅದಕ್ಕೆ ಇಳಿಯಿತು. ಕೊಪ್ಪಳದ ಮಗುವಿನಿಂದ ಕಲಿತ ಕೋಶಗಳು ಈಗ ಅದೇ ಮಗುವಿಗೆ ಕಲಿಸಲು ಹೊರಟವು. ಫಕೀರಪ್ಪ ಡಬ್ಬಿಯನ್ನು ಎದೆಗೆ ಕಟ್ಟಿಕೊಂಡ. ಈ ಸಲ ಚಹಾ ಬೇಡವೆಂದ.

ಇನ್ನು ಉಳಿದದ್ದು ಕಾಯುವುದು. ಪೆಟ್ಟಿಗೆಯ ಹಸಿರು ದೀಪ ಹಳದಿಗೆ ತಿರುಗಿತು, ಒಳಗಿನದು ಇನ್ನೂ ಕೂಡಿಕೊಂಡಿಲ್ಲ ಎಂಬ ಗುರುತು ಅದು. ಅಷ್ಟರಲ್ಲೇ ನೀಲವ್ವನ ಮೊಣಕೈ ಮಡಿಕೆಯಲ್ಲಿ ಮತ್ತೆ ಕೆಂಪು ಕಾಣಿಸಿತು. ಸಾಕ್ಸು ಮತ್ತೆ ಕೈಗೆ ಬಂತು. ಯಾರೂ ಯಾರನ್ನೂ ದೂರಲಿಲ್ಲ. ಈರಣ್ಣ ರೊಟ್ಟಿಯ ಹಿಟ್ಟು ತರಲು ಹೋದವನು ಪೆಟ್ಟಿಗೆ ನೋಡಿಕೊಂಡೇ ಹೋಗುತ್ತಿದ್ದ, ಬಂದವನು ಮೊದಲು ಅದನ್ನೇ ನೋಡುತ್ತಿದ್ದ. ಸುಮಂಗಲಾ ಹಾಲಿಗೆ ಹೆಪ್ಪು ಹಾಕಿ ಪಾತ್ರೆ ಮುಚ್ಚುವಾಗ, ಇದೊಂದು ಕೂಡಿಕೊಳ್ಳಲಿ, ಅದೂ ಕೂಡಿಕೊಳ್ಳಲಿ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು. ಒಮ್ಮೆ ಮಗಳು ಜೋರಾಗಿ ಕೆರೆದುಕೊಂಡು ಅತ್ತಾಗ, ತಾನು ಮಾಡಿದ ತಪ್ಪಿಗೆ ಈ ಕೂಸು ದಂಡ ಕಟ್ಟುತ್ತಿದೆಯಲ್ಲ ಎಂದು ಅವಳಿಗೂ ಅಳು ತಡೆಯಲಾಗಲಿಲ್ಲ.

ಆಗ ಗಂಗವ್ವ ಸೊಸೆಯ ಪಕ್ಕ ಬಂದು ಕೂತಳು. "ಮದಲ ದಿನದ ಮೊಸರು ತೆಳ್ಳಗ ಇರತೈತಿ," ಎಂದಳು. "ಹಂಗಂತ ಯಾರರ ಚೆಲ್ಲತಾರೇನು? ಅಳಬ್ಯಾಡ, ಏಳು."

ಹಳದಿ ದೀಪ ಹಸಿರಾದದ್ದು ಯಾರೂ ನೋಡದಿದ್ದಾಗ. ಊಟದ ಗಿರಾಕಿಗಳ ಗದ್ದಲದ ನಡುವೆ ನೀಲವ್ವ ಬಂದು ತಾಯಿಯ ಸೆರಗು ಜಗ್ಗಿದಳು. ಸುಮಂಗಲಾ ಬಡಿಸುತ್ತಿದ್ದ ಸೌಟು ಹಿಡಿದುಕೊಂಡೇ ಒಳಗೆ ಓಡಿದಳು. ಪಂಕ್ತಿಯಲ್ಲಿದ್ದವರಿಗೆ ಪಲ್ಯ ಬರಲಿಲ್ಲ, ಬಹಳ ಹೊತ್ತು ಬರಲಿಲ್ಲ. ಆಮೇಲೆ ಬಂದದ್ದು ಕೇಳದಿದ್ದರೂ ಎಲ್ಲರ ತಾಟಿಗೆ ಎರಡೆರಡು ಸೌಟು ಮೊಸರು.

ಸಂಜೆ ಡಾಕ್ಟರು ಫೋನು ಮಾಡಿದರು. ಕೊಪ್ಪಳದ ಮಗುವಿನ ಜ್ವರ ಇಳಿದಿತ್ತು. ಕಣ್ಣಿಗೆ ಏನೂ ಆಗಿರಲಿಲ್ಲ. ಸುಮಂಗಲಾ, ಅಂದು ಕೊಟ್ಟುಬಂದ ಚಟ್ನಿ ಪುಡಿ ಮುಗಿದಿದ್ದರೆ ಮತ್ತೆ ಕಳಿಸುತ್ತೇನೆ ಎಂದಳು.

ಕೆಲವು ದಿನಗಳ ನಂತರ ಫಕೀರಪ್ಪ ಮತ್ತೆ ಬಂದ. ಕೊಟ್ಟು ಕಳಿಸಿದ್ದ ಡಬ್ಬಿ ವಾಪಸು ಬಂದಿತ್ತು. ಮುಚ್ಚಳ ಬಿಗಿಯಾಗಿತ್ತು, ಈ ಸಲ ಅದರ ಮೇಲೆ ಹೊಸದಾಗಿ ಹಾಕಿದ್ದ ಮುದ್ರೆ ಒಡೆದಿರಲಿಲ್ಲ. ಆದರೆ ಹಿಡಿಕೆಗೆ ಹೊರಗಿನಿಂದ ಒಂದು ಪುಟ್ಟ ಬಟ್ಟೆಯ ಚೀಲ ಕಟ್ಟಿತ್ತು. ಯಾರದೋ ಹಳೆಯ ಇಳಕಲ್ ಸೀರೆಯ ಅಂಚಿನಿಂದ ಕೈಯಲ್ಲೇ ಹೊಲಿದದ್ದು. ಸುಮಂಗಲಾ ಗಂಟು ಬಿಚ್ಚಿದಳು. ಒಳಗೆ ಒಂದು ಹಿಡಿ ಸಕ್ಕರೆಯಿತ್ತು.

ನಡೆದದ್ದನ್ನೆಲ್ಲ ಡಾಕ್ಟರು ಆ ಮನೆಯವರಿಗೆ ಹೇಳಿದ್ದರಂತೆ. ಡಬ್ಬಿ ಮರಳಿ ಕಳಿಸುವಾಗ ಆ ತಾಯಿ, ಹೊರಗೆ ಕಟ್ಟಿದರೆ ಏನೂ ತೊಂದರೆಯಿಲ್ಲವಲ್ಲ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ತಾನೇ ಕಟ್ಟಿದಳಂತೆ. ಫಕೀರಪ್ಪ ಇಷ್ಟು ಹೇಳಿ, ಈ ಸಲ ಚಹಾ ಕುಡಿಯುತ್ತೇನೆ ಎಂದು ಕುಳಿತ.

ಸುಮಂಗಲಾ ಸಕ್ಕರೆಯನ್ನು ಮೊದಲು ಮಗಳ ಅಂಗೈಗೆ ಹಾಕಿದಳು. ನೀಲವ್ವನ ಅಂಗೈ ನುಣ್ಣಗಿತ್ತು. ಅವಳು ಅಜ್ಜಿಗೆ ಒಂದಿಷ್ಟು, ಅಪ್ಪನಿಗೆ ಒಂದಿಷ್ಟು ಕೊಟ್ಟು, ಉಳಿದದ್ದನ್ನು ನೆಕ್ಕಿ ಮುಗಿಸಿದಳು. ಬಟ್ಟೆಯ ಚೀಲ ಕಟ್ಟೆಯ ಮೇಲೆ ಖಾಲಿ ಬಿದ್ದಿತ್ತು. ಸುಮಂಗಲಾ ಅದನ್ನು ಎತ್ತಿ, ಜಾಡಿಸಿ, ಹೊರಳಿಸಿ ನೋಡಿದಳು. ಒಳಗೆ ಯಾವ ಪದರವೂ ಇರಲಿಲ್ಲ, ಬರೀ ಬಟ್ಟೆ. ಫಕೀರಪ್ಪನಿಗೆ ಸ್ವಲ್ಪ ಕೂತಿರಿ ಎಂದು ಹೇಳಿ, ಚಟ್ನಿ ಪುಡಿಗೆಂದು ಶೇಂಗಾ ಹುರಿಯಲು ಒಲೆಯ ಮೇಲೆ ಬಾಣಲೆ ಇಟ್ಟಳು.